ಹೊಗೆ, ವಿಸ್ಕಿ, ಊಟ ಮೂರೂ ಸರಿಯಾಗಿ ಸಿಗೋ ಏರಿಯಾ ಬಾರ್

ಸಿಗಾರ್ ಬಾರ್ ಚೆನ್ನಾಗಿದ್ಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ಮೆನು ನೋಡೋದೇ ಬೇಡ, ಬಾಗಿಲು ತೆಗೆದು ಒಂದು ಸಲ ಉಸಿರು ಎಳ್ಕೊಂಡ್ರೆ ಸಾಕು. ಹಿಂದಿನ ರಾತ್ರಿ ಹೊಗೆ ಸೋಫಾಗೆ, ಪರದೆಗೆ ಮೆತ್ಕೊಂಡು ಕಮಟು ವಾಸನೆ ಹೊಡೀತಿದ್ರೆ ಶೆಲ್ಫ್ ಮೇಲೆ ಎಂಥ ಬಾಟಲ್ ಇದ್ರೂ ನಾನು ಅಲ್ಲಿಂದಲೇ ವಾಪಸ್. ನಮ್ಮನೆಯಿಂದ ನಡ್ಕೊಂಡು ಹೋಗೋಷ್ಟು ಹತ್ರ ಒಂದು ವಿಸ್ಕಿ ಸಿಗಾರ್ ಬಾರ್ ಇದೆ, ಊಟಾನೂ ಕೊಡ್ತಾರೆ, ಅಲ್ಲಿ ಬಾಗಿಲು ತೆಗೆದ್ರೆ ಮೊದಲು ಮೂಗಿಗೆ ಬರೋದು ಮರದ ಘಮ, ಆಮೇಲೆ ಅಡುಗೆಮನೆಯಿಂದ ಬೆಣ್ಣೆ ಕಾಯ್ತಿರೋ ವಾಸನೆ, ಹೊಗೆ ಅಂತ ಗೊತ್ತಾಗೋದು ಕೊನೆಗೆ. ಅಷ್ಟಕ್ಕೇ ಅರ್ಧ ಮಾರ್ಕ್ಸ್ ಕೊಟ್ಬಿಟ್ಟೆ ನಾನು. ಯಾಕಂದ್ರೆ ಹೊಗೆ, ವಿಸ್ಕಿ, ಊಟ ಮೂರನ್ನೂ ಒಂದೇ ಸೂರಿನ ಕೆಳಗೆ ಇಟ್ರೆ ಒಂದನ್ನ ಒಂದು ತಿಂದು ಹಾಕುತ್ತೆ, ಅದನ್ನ ತಡೆಯೋದೇ ಇಂಥ ಜಾಗ ನಡೆಸೋರ ನಿಜವಾದ ಕೆಲಸ, ಮಿಕ್ಕಿದ್ದೆಲ್ಲ ದುಡ್ಡು ಕೊಟ್ರೆ ಬರುತ್ತೆ.

ಹೇಗೆ ತಡೆದಿದಾರೆ ಅಂದ್ರೆ ಜಾಗಾನ ಎರಡು ಭಾಗ ಮಾಡಿದಾರೆ. ಮುಂದೆ ಬಾರ್ ಕೌಂಟರ್, ಊಟದ ಟೇಬಲ್‌ಗಳು. ಹಿಂದೆ ಗಾಜಿನ ಬಾಗಿಲು ದಾಟಿದ್ರೆ ಸಿಗಾರ್ ಲೌಂಜ್. ಗಾಜಿನ ಬಾಗಿಲು ಎಲ್ಲರೂ ಹಾಕಿಸ್ತಾರೆ, ಅದು ದೊಡ್ಡ ವಿಷ್ಯ ಏನಲ್ಲ, ಆದ್ರೆ ಆ ಬಾಗಿಲು ತೆಗೆದಾಗ ಗಾಳಿ ಯಾವ ಕಡೆಗೆ ಹೋಗುತ್ತೆ ಅನ್ನೋದು ಮುಖ್ಯ. ಇಲ್ಲಿ ಹಿಂದಿನ ರೂಮಿಗೆ ಬಿಡೋ ಗಾಳಿಗಿಂತ ಅಲ್ಲಿಂದ ಹೊರಗೆ ಎಳೆಯೋ ಗಾಳಿ ಜಾಸ್ತಿ ಇಟ್ಟಿದಾರೆ, ಅದಕ್ಕೇ ಬಾಗಿಲು ತೆಗೆದಾಗೆಲ್ಲ ಮುಂದಿನ ಗಾಳಿ ಹಿಂದಕ್ಕೆ ಹೋಗುತ್ತೆ, ಹಿಂದಿನ ಹೊಗೆ ಮುಂದಕ್ಕೆ ಬರಲ್ಲ. ಬಾಗಿಲ ಹತ್ರ ನಿಂತ್ರೆ ಬೆನ್ನಿಗೆ ಗಾಳಿ ತಾಗೋದು ಗೊತ್ತಾಗುತ್ತೆ. ಬಿಸಿ ಹೊಗೆ ಮೇಲಕ್ಕೆ ಏಳುತ್ತೆ ಅಂತ ಎಕ್ಸಾಸ್ಟ್ ಎಲ್ಲ ಸೀಲಿಂಗ್‌ನಲ್ಲಿ, ಹೊಸ ಗಾಳಿ ಬರೋದು ಗೋಡೆಯ ಕೆಳಗಿನಿಂದ. ಎಷ್ಟೋ ಕಡೆ ಏಸಿ ಹಾಕಿ ಅದೇ ಗಾಳೀನ ತಣ್ಣಗೆ ಮಾಡಿ ಮತ್ತೆ ಮತ್ತೆ ಸುತ್ತಿಸ್ತಾರೆ, ಕಣ್ಣು ಉರಿಯುತ್ತೆ, ಗಂಟಲು ಹಿಡಿಯುತ್ತೆ, ಮಾರನೇ ದಿನ ಹಾಕಿದ್ದ ಶರ್ಟ್ ಎತ್ಕೊಂಡ್ರೆ ತಲೆನೋವು. ಇಲ್ಲಿಂದ ಮನೆಗೆ ಬಂದ್ಮೇಲೂ ಬಟ್ಟೆಲಿ ವಾಸನೆ ಇದ್ದೇ ಇರುತ್ತೆ, ಅದಿಲ್ಲ ಅಂತ ಹೇಳಲ್ಲ, ಆದ್ರೆ ಒಂದು ಒಗೆತಕ್ಕೆ ಹೋಗುತ್ತೆ.

ಇದನ್ನ ಹೇಳ್ತಾನೇ ಇನ್ನೊಂದು ಮಾತು ನೇರವಾಗಿ ಹೇಳ್ಬೇಕು. ಗಾಳಿ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ರೂ ಪಕ್ಕದವರ ಹೊಗೆಯಿಂದ ಆಗೋ ಅಪಾಯ ಪೂರ್ತಿ ಹೋಗಲ್ಲ, ಕಟ್ಟಡಗಳ ಗಾಳಿಗೆ ಮಾನದಂಡ ಬರೆಯೋ ಆಶ್ರೇ ಸಂಸ್ಥೆಯೇ ಒಳಗಡೆ ಸೇದೋದನ್ನ ನಿಲ್ಲಿಸೋದು ಬಿಟ್ರೆ ಬೇರೆ ದಾರಿ ಇಲ್ಲ ಅಂತ ಹೇಳಿದೆ. ಸಿಗಾರ್ ಹೊಗೆ ಒಳಗೆ ಎಳ್ಕೊಳ್ಳಲ್ಲ, ಬಾಯಲ್ಲೇ ಇಟ್ಕೊಂಡು ಬಿಡ್ತೀವಿ, ಹಾಗಾಗಿ ಏನೂ ಆಗಲ್ಲ ಅನ್ನೋರೂ ಇದಾರೆ, ಅದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್‌ಗೂ ಸಂಬಂಧ ಇದೆ ಅನ್ನೋದು ಯಾವತ್ತೋ ಸಾಬೀತಾಗಿರೋದು. ನಾನು ಅಪರೂಪಕ್ಕೆ ಒಂದು ಸೇದೋನು, ಇದನ್ನೆಲ್ಲ ಗೊತ್ತಿದ್ದೇ ಸೇದ್ತೀನಿ. ಸೇದದೇ ಇರೋರನ್ನ ಇಲ್ಲಿಗೆ ಕರ್ಕೊಂಡು ಬಂದ್ರೆ ಮುಂದೇನೇ ಕೂರಿಸಿ, ಹಿಂದಕ್ಕೆ ಬಾ ಅಂತ ಒತ್ತಾಯ ಮಾಡ್ಬೇಡಿ.

ನನ್ನ ಜೊತೆ ಬಂದಿದ್ದು ಭಾವ. ಅವರು ವಿಸ್ಕಿ ಮನುಷ್ಯ, ಹೊಗೆ ಕಂಡ್ರೆ ಆಗಲ್ಲ. "ಭಾವ, ಇಲ್ಲಿ ಕೂತ್ರೆ ಹೊಗೆ ಏನಾದ್ರೂ ಬರ್ತಿದ್ಯಾ?" ಅಂತ ಕೇಳಿದ್ದಕ್ಕೆ "ಇಲ್ಲ ಕಣೋ, ನೀನು ಹೇಳದೇ ಇದ್ದಿದ್ರೆ ಹಿಂದೆ ಅಂಥ ರೂಮ್ ಇದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ" ಅಂದ್ರು. ಮೂಗು ತುಂಬಾ ಚುರುಕು ಅವರದು, ಅವರೇ ಒಪ್ಪಿದ್ಮೇಲೆ ಮುಗೀತು.

ಈಗ ಹ್ಯೂಮಿಡಾರ್ ವಿಷ್ಯ. ಸಿಗಾರ್ ಇಡೋ ಪೆಟ್ಟಿಗೇನೋ ರೂಮೋ ಅದೇ ಹ್ಯೂಮಿಡಾರ್, ಇಲ್ಲಿ ಒಬ್ಬರು ಒಳಗೆ ಹೋಗಿ ನಿಲ್ಲೋಷ್ಟು ದೊಡ್ಡದು. ಒಳಗೆ ಸ್ಪ್ಯಾನಿಷ್ ಸೀಡರ್ ಮರದ ಕಪಾಟುಗಳು, ಬಾಗಿಲು ತೆಗೆದಾಗ ಬಂದ ಘಮ ಇದರದ್ದೇ, ಹೆಸರಲ್ಲಿ ಸೀಡರ್ ಅಂತ ಇದ್ರೂ ಇದು ಮಹಾಗನಿ ಕುಟುಂಬದ ಮರ, ತೇವ ಹೀರ್ಕೊಂಡು ಬಿಡೋ ಗುಣ ಚೆನ್ನಾಗಿದೆ, ಹುಳ ದೂರ ಇಡುತ್ತೆ ಅಂತಾನೂ ಬಳಸ್ತಾರೆ. ಮೀಟರ್ ನೋಡ್ದೆ, ತೇವಾಂಶ 67 ಪರ್ಸೆಂಟ್, ಉಷ್ಣಾಂಶ 19 ಡಿಗ್ರಿ. 65ರಿಂದ 70ರ ಮಧ್ಯೆ ಇರ್ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಅದಕ್ಕಿಂತ ಒಣಗಿದ್ರೆ ಮೇಲಿನ ಎಲೆ ಬಿರುಕು ಬಿಡುತ್ತೆ, ಬೇಗ ಉರಿದು ಬಾಯಿಗೆ ಖಾರ ಹೊಡೆಯುತ್ತೆ, ತೇವ ಜಾಸ್ತಿ ಆದ್ರೆ ಎಳೆದ್ರೂ ಹೊಗೆ ಬರಲ್ಲ, ಒಂದು ಬದಿ ಮಾತ್ರ ಉರಿಯುತ್ತೆ, ಬೂಸ್ಟು ಬೇರೆ. ಸೆಕೆ ಜಾಸ್ತಿ ಆದ್ರೆ ತಂಬಾಕಿನ ಹುಳದ ಮೊಟ್ಟೆ ಒಡೆದು ಮರಿ ಹೊರಗೆ ಬಂದು ಸಿಗಾರ್ ತುಂಬಾ ಸೂಜಿ ಚುಚ್ಚಿದ ಹಾಗೆ ತೂತು ಮಾಡಿಬಿಡುತ್ತೆ, ಒಂದಕ್ಕೆ ಬಂದ್ರೆ ಪೆಟ್ಟಿಗೇನೇ ಹೋಯ್ತು. ಮೀಟರ್ ಸುಳ್ಳು ಹೇಳ್ಬಹುದು, ಅದಕ್ಕೆ ನಾನು ಅಲ್ಲಿರೋರ ಹತ್ರ ಕೇಳ್ಕೊಂಡು ಒಂದನ್ನ ಎತ್ತಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡ್ದೆ. ಸ್ವಲ್ಪ ಒಳಗೆ ಹೋಗಿ ಮತ್ತೆ ಮೊದಲಿನ ಹಾಗೇ ಎದ್ದು ನಿಲ್ತು, ಚರಚರ ಸದ್ದು ಇಲ್ಲ, ಎಲೆ ಮೇಲೆ ತೆಳ್ಳಗೆ ಎಣ್ಣೆಯ ಹೊಳಪು. ಹದ ಅಂದ್ರೆ ಇದು. ತಿಂಗಳುಗಟ್ಟಲೆ ದಿನಾ ನೋಡ್ಕೊಳ್ಳೋ ಒಬ್ಬ ಮನುಷ್ಯ ಇಲ್ಲದೇ ಈ ಹದ ಬರಲ್ಲ.

ಆ ಮನುಷ್ಯ ಇದಾರೆ ಕೂಡ. ವಯಸ್ಸಾದವರು, ಮೆತ್ತಗೆ ಮಾತಾಡ್ತಾರೆ, ಮೊದಲು ಕೇಳಿದ್ದೇ "ಊಟ ಆಯ್ತಾ ಸರ್?" ಅಂತ. ಬಾಯಿ ಮಾತಿನ ಉಪಚಾರಕ್ಕೆ ಕೇಳಿದ್ದಲ್ಲ ಅದು. ಸಿಗಾರ್ ಹೊಗೆ ಸಿಗರೇಟಿಗಿಂತ ಕ್ಷಾರೀಯ, ಹಾಗಾಗಿ ನಿಕೋಟಿನ್ ಬಾಯಿಯ ಒಳಗಿನ ಚರ್ಮದಿಂದಲೇ ರಕ್ತಕ್ಕೆ ಹೋಗುತ್ತೆ, ಖಾಲಿ ಹೊಟ್ಟೇಲಿ ಸ್ಟ್ರಾಂಗ್ ಸಿಗಾರ್ ಹಚ್ಚಿದ್ರೆ ತಲೆ ಗಿರ್ ಅಂದು ಬೆವರು ಕಿತ್ಕೊಂಡು ಬರುತ್ತೆ. ಮಾರೋದೊಂದೇ ಉದ್ದೇಶ ಇದ್ದಿದ್ರೆ ಆ ಪ್ರಶ್ನೆ ಯಾರೂ ಕೇಳಲ್ಲ. ಎರಡನೇ ಪ್ರಶ್ನೆ "ಎಷ್ಟು ಹೊತ್ತು ಕೂರ್ತೀರಾ?" ಇದೂ ಸರಿಯಾದ ಪ್ರಶ್ನೆ, ಯಾಕಂದ್ರೆ ಸಿಗಾರ್ ಅಳತೆ ಅಂದ್ರೆ ಸಮಯದ ಅಳತೆ. ರೊಬಸ್ಟೊ ಅಂದ್ರೆ ಸುಮಾರು 5 ಇಂಚು ಉದ್ದ, ರಿಂಗ್ ಗೇಜ್ 50, ರಿಂಗ್ ಗೇಜ್ ಅನ್ನೋದು ಇಂಚಿನ 64ನೇ ಭಾಗದ ಲೆಕ್ಕ, ಅಂದ್ರೆ 50 ಗೇಜ್ ದಪ್ಪ ಹತ್ರ ಹತ್ರ 20 ಮಿಲಿಮೀಟರ್. ಮುಕ್ಕಾಲರಿಂದ ಒಂದು ಗಂಟೆ ಆರಾಮಾಗಿ ಬರುತ್ತೆ. ಚರ್ಚಿಲ್ 7 ಇಂಚು 47 ಗೇಜ್, ಅದನ್ನ ತಗೊಂಡ್ರೆ ಒಂದೂವರೆ ಗಂಟೆ ಎದ್ದೇಳೋ ಹಾಗಿಲ್ಲ, ಮಧ್ಯದಲ್ಲಿ ಬಿಟ್ಟು ಹೋಗೋಕೆ ಮನಸ್ಸಾಗಲ್ಲ.

ಹ್ಯೂಮಿಡಾರ್‌ನಲ್ಲಿ ಹೆಸರುಗಳು ನೋಡಿ ಗೊಂದಲ ಆಗೋರಿಗೆ ಒಂದು ವಿಷ್ಯ. ಮಾಂಟೆಕ್ರಿಸ್ಟೊ, ಪಾರ್ಟಗಾಸ್, ರೋಮಿಯೋ ಇ ಜೂಲಿಯೆಟಾ, ಕೊಹೀಬಾ, ಈ ಹೆಸರುಗಳಲ್ಲಿ ಎರಡೆರಡು ಸಿಗಾರ್ ಇವೆ, ಕ್ಯೂಬಾದ್ದು ಬೇರೆ, ಕ್ಯೂಬಾ ಹೊರಗೆ ಮಾಡೋದು ಬೇರೆ. ಕ್ಯೂಬಾದಲ್ಲಿ 1960ರಲ್ಲಿ ಸರ್ಕಾರ ಸಿಗಾರ್ ಉದ್ಯಮ ವಶಕ್ಕೆ ತಗೊಂಡಾಗ ಹಳೇ ಮನೆತನಗಳು ದೇಶ ಬಿಟ್ವು, 1962ರಲ್ಲಿ ಅಮೆರಿಕ ನಿರ್ಬಂಧ ಹಾಕ್ತು, ಆಮೇಲೆ ಡೊಮಿನಿಕನ್ ರಿಪಬ್ಲಿಕ್, ನಿಕರಾಗುವಾ, ಹೊಂಡುರಾಸ್ ಕಡೆ ಕ್ಯೂಬಾ ಬೀಜದಿಂದಲೇ ತಂಬಾಕು ಬೆಳೆದು ಹೊಸ ಉದ್ಯಮಾನೇ ಎದ್ದು ನಿಲ್ತು. ಇವತ್ತು ನಿಕರಾಗುವಾ ಸಿಗಾರ್ ಯಾವುದಕ್ಕೂ ಕಮ್ಮಿ ಇಲ್ಲ, ನನ್ನ ಕೇಳಿದ್ರೆ ಕ್ಯೂಬಾ ಅನ್ನೋ ಹೆಸರಿಗೆ ಜಾಸ್ತಿ ದುಡ್ಡು ಕೊಡೋ ಬದಲು ಅದನ್ನೇ ತಗೊಳ್ಳಿ ಅಂತೀನಿ. ಈ ಬಾರ್‌ನಲ್ಲಿ ಪ್ರತಿ ಕಪಾಟಿನ ಮುಂದೆ ಎಲೆ ಯಾವ ದೇಶದ್ದು, ಮೇಲೆ ಸುತ್ತೋ ಎಲೆ ಅಂದ್ರೆ ರ‍್ಯಾಪರ್ ಯಾವುದು, ಸ್ಟ್ರಾಂಗ್ ಎಷ್ಟು ಅಂತ ಕೈಬರಹದಲ್ಲಿ ಚೀಟಿ ಬರೆದಿಟ್ಟಿದಾರೆ. ಕನೆಕ್ಟಿಕಟ್ ಶೇಡ್ ಅಂದ್ರೆ ಬಟ್ಟೆ ಚಪ್ಪರದ ನೆರಳಲ್ಲಿ ಬೆಳೆಸಿದ ತಿಳಿ ಬಣ್ಣದ ಎಲೆ, ಮೃದು. ಮಡೂರೊ ಅಂದ್ರೆ ಜಾಸ್ತಿ ದಿನ ಹುದುಗು ಬರಿಸಿದ ಕಪ್ಪು ಎಲೆ. ಕಪ್ಪಗಿದೆ ಅಂತ ಸ್ಟ್ರಾಂಗ್ ಅಂದ್ಕೊಳ್ತಾರೆ ತುಂಬಾ ಜನ, ಹಾಗೇನಿಲ್ಲ, ಮಡೂರೊದಲ್ಲಿ ಸಿಹಿ ಕಡೆ ವಾಲೋ ರುಚಿ ಜಾಸ್ತಿ, ಸ್ಟ್ರಾಂಗ್ ಆಗೋದು ಒಳಗಿನ ಲಿಗೆರೊ ಎಲೆಯಿಂದ, ಅದು ಗಿಡದ ತುದಿಯಲ್ಲಿ ಬಿಸಿಲು ಕುಡಿದು ಬೆಳೆದ ದಪ್ಪ ಎಲೆ.

ನಾನು ತಗೊಂಡಿದ್ದು ನಿಕರಾಗುವಾದ ಮಡೂರೊ ರೊಬಸ್ಟೊ. ಕಟ್ ಮಾಡಿಕೊಟ್ಟಿದ್ದು ನೋಡೋ ಹಾಗಿತ್ತು. ತುದಿಯಲ್ಲಿ ಟೋಪಿ ಥರ ಅಂಟಿಸಿರೋ ಸಣ್ಣ ಎಲೆ ಇರುತ್ತಲ್ಲ, ಅದರ ಗೆರೆ ದಾಟದ ಹಾಗೆ ಒಂದೆರಡು ಮಿಲಿಮೀಟರ್ ಅಷ್ಟೇ, ಒಂದೇ ಏಟಿಗೆ, ಗೆರೆ ದಾಟಿದ್ರೆ ಸುತ್ತಿರೋ ಎಲೆ ಬಿಚ್ಕೊಂಡು ಬಾಯಿಗೆ ಬರುತ್ತೆ. ಕೊಟ್ಟ ಮೇಲೆ "ಹಚ್ಚೋ ಮೊದಲು ಒಂದು ಸಲ ಎಳೆದು ನೋಡಿ ಸರ್" ಅಂದ್ರು, ಗಾಳಿ ಸಲೀಸಾಗಿ ಬಂತು, ಒಣದ್ರಾಕ್ಷಿ ಥರ ಒಂದು ರುಚಿ ಬೆಂಕಿ ಹಚ್ಚೋ ಮೊದಲೇ ನಾಲಿಗೆಗೆ ಬಂತು. ಹಚ್ಚೋವಾಗ ಜ್ವಾಲೆ ತಾಗಿಸಲಿಲ್ಲ ಅವರು, ಅರ್ಧ ಇಂಚು ಕೆಳಗೆ ಹಿಡಿದು ಸಿಗಾರ್ ತಿರುಗಿಸ್ತಾ ಅಂಚೆಲ್ಲ ಸಮವಾಗಿ ಕೆಂಪಾಗೋವರೆಗೂ ಕಾಯಿಸಿ, ಆಮೇಲೆ ಬಾಯಿಗಿಟ್ಕೊಳ್ಳಿ ಅಂದ್ರು. ಬ್ಯೂಟೇನ್ ಟಾರ್ಚ್ ಬಳಸ್ತಾರೆ, ಪೆಟ್ರೋಲ್ ವಾಸನೆ ಬರೋ ಲೈಟರ್ ಆ ರೂಮಿನೊಳಗೆ ತರೋಕೇ ಬಿಡಲ್ಲ, ಸರಿಯಾಗಿದೆ. ಹೀಗೆ ಹಚ್ಚಿದ ಸಿಗಾರ್ ಕೊನೆವರೆಗೂ ಒಂದೇ ಸಮ ಉರೀತು, ಬೂದಿ ಒಂದು ಇಂಚು ಬೆಳೆದ್ರೂ ಬೀಳಲಿಲ್ಲ, ಬೆಳ್ಳಗೆ, ಗಟ್ಟಿಯಾಗಿ ಪದರ ಪದರವಾಗಿ ನಿಂತಿತ್ತು. ಉದ್ದ ಎಲೆಗಳನ್ನ ಪೂರ್ತಿ ಹಾಗೇ ಇಟ್ಟು ಸುತ್ತಿದ್ರೆ ಮಾತ್ರ ಬೂದಿ ಹೀಗೆ ನಿಲ್ಲುತ್ತೆ, ಚೂರು ಎಲೆ ತುಂಬಿದ್ರೆ ತೊಡೆ ಮೇಲೆಲ್ಲ ಉದುರುತ್ತೆ.

ವಿಸ್ಕಿ ಶೆಲ್ಫ್ ತುಂಬಾ ದೊಡ್ಡದಲ್ಲ. ದೊಡ್ಡದಾಗಿರ್ಬೇಕು ಅಂತಾನೂ ಇಲ್ಲ, ತೆಗೆದಿಟ್ಟ ಬಾಟಲ್ ವರ್ಷಗಟ್ಟಲೆ ತಳಕ್ಕೆ ಎರಡು ಪೆಗ್ ಉಳ್ಕೊಂಡು ಗಾಳಿ ಕುಡೀತಾ ಕೂತಿರೋ ಇನ್ನೂರು ಬಾಟಲ್ ಶೆಲ್ಫ್‌ಗಿಂತ, ಬೇಗ ಖಾಲಿಯಾಗೋ ನಲವತ್ತು ಬಾಟಲ್ ಮೇಲು. ಸ್ಕಾಚ್ ಇದೆ, ಅಮೆರಿಕದ ಬರ್ಬನ್ ವಿಸ್ಕಿ ಇದೆ, ಐರಿಷ್‌ನಲ್ಲಿ ರೆಡ್‌ಬ್ರೆಸ್ಟ್ 12, ಜಪಾನಿನ ನಿಕ್ಕಾ ಫ್ರಮ್ ದ ಬ್ಯಾರೆಲ್. ಮೆನುನಲ್ಲಿ ಪ್ರತಿ ಬಾಟಲ್ ಮುಂದೆ ಆಲ್ಕೋಹಾಲ್ ಪರ್ಸೆಂಟ್ ಬರೆದಿರೋದು ನನಗೆ ತುಂಬಾ ಇಷ್ಟ ಆಯ್ತು. ಅದು ಬೇಕೇ ಬೇಕು ಸ್ವಾಮಿ. ಸ್ಕಾಚ್ ಕನಿಷ್ಠ 40 ಇರ್ಬೇಕು ಅನ್ನೋದು ಕಾನೂನು, ಆದ್ರೆ ಗ್ಲೆನ್‌ಫಾರ್‌ಕ್ಲಾಸ್ 105 ಬಾಟಲ್‌ನಲ್ಲಿ 60 ಇರುತ್ತೆ, ನಿಕ್ಕಾದಲ್ಲಿ 51.4, ಒಂದೇ ಅಳತೆ ಸುರಿದ್ರೂ ಒಂದು ಗ್ಲಾಸ್ ಇನ್ನೊಂದರ ಒಂದೂವರೆಯಷ್ಟು ಕೆಲಸ ಮಾಡುತ್ತೆ, ಗೊತ್ತಿಲ್ಲದೇ ಕುಡಿದ್ರೆ ಎದ್ದಾಗಲೇ ತಿಳಿಯೋದು.

ಭಾವನಿಗೆ ಬರ್ಬನ್ ಬಗ್ಗೆ ಅಷ್ಟಕ್ಕಷ್ಟೇ, ಸಿಹಿ ಅಂತ. ಕೌಂಟರ್‌ನಲ್ಲಿದ್ದ ಹುಡುಗಿ ಅವರ ಮಾತು ಪೂರ್ತಿ ಕೇಳಿಸ್ಕೊಂಡು, "ಹಾಗಿದ್ರೆ ಬಾಟಲ್ಡ್ ಇನ್ ಬಾಂಡ್ ಒಂದು ಸ್ವಲ್ಪ ನೋಡಿ ಸರ್, ಇಷ್ಟ ಆಗ್ಲಿಲ್ಲ ಅಂದ್ರೆ ಬೇರೆ ಕೊಡ್ತೀನಿ" ಅಂತ ಚಮಚದಷ್ಟು ಹಾಕಿಕೊಟ್ಟಳು. ಬಾಟಲ್ಡ್ ಇನ್ ಬಾಂಡ್ ಅನ್ನೋದು ಅಮೆರಿಕದಲ್ಲಿ 1897ರಲ್ಲಿ ಬಂದ ಕಾಯ್ದೆ, ಆಗ ವಿಸ್ಕಿಗೆ ಏನೇನೋ ಬಣ್ಣ, ರಾಸಾಯನಿಕ ಬೆರೆಸಿ ಮಾರ್ತಿದ್ರು ಅಂತ ಅದನ್ನ ತಡೆಯೋಕೆ ತಂದಿದ್ದು, ಒಂದೇ ಡಿಸ್ಟಿಲರಿ, ಒಂದೇ ಸೀಸನ್, ಸರ್ಕಾರದ ಉಸ್ತುವಾರಿಯ ಗೋಡೌನ್‌ನಲ್ಲಿ ಕಮ್ಮಿ ಅಂದ್ರೆ 4 ವರ್ಷ, ಬಾಟಲ್‌ಗೆ ತುಂಬೋವಾಗ ಸರಿಯಾಗಿ 50 ಪರ್ಸೆಂಟ್. ಬರ್ಬನ್ ಹೊಸದಾಗಿ ಒಳಗೆ ಸುಟ್ಟ ಓಕ್ ಪೀಪಾಯಿಯಲ್ಲೇ ಇಡ್ಬೇಕು, ವೆನಿಲ್ಲಾ, ಕ್ಯಾರಮೆಲ್ ವಾಸನೆ ಬರೋದು ಅದರಿಂದ. ಮೆಕ್ಕೆಜೋಳ 51 ಪರ್ಸೆಂಟ್ ಇದ್ರೆ ಸಾಕು, ಮಿಕ್ಕಿದ್ದರಲ್ಲಿ ರೈ ಅನ್ನೋ ಧಾನ್ಯ ಜಾಸ್ತಿ ಹಾಕಿದ್ರೆ ಮೆಣಸಿನ ಖಾರ ಬರುತ್ತೆ, ಗೋಧಿ ಹಾಕಿದ್ರೆ ಮೃದು ಆಗುತ್ತೆ. ಇದನ್ನೆಲ್ಲ ಅವಳು ಹೇಳಿದ್ದು ಲೆಕ್ಚರ್ ಥರ ಇರ್ಲಿಲ್ಲ, ಗ್ಲಾಸ್ ಒರೆಸ್ತಾ ಒರೆಸ್ತಾ ಭಾವ ಕೇಳಿದ್ದಕ್ಕೆ ಮಾತ್ರ ಉತ್ತರ. ಭಾವ ರೈ ಜಾಸ್ತಿ ಇರೋದೇ ತಗೊಂಡ್ರು, ಮುಗಿಸಿ ಇನ್ನೊಂದು ಹೇಳಿದ್ರು.

ಗ್ಲಾಸ್ ಬಗ್ಗೆ ಹೇಳ್ಬೇಕು. ಏನೂ ಬೆರೆಸದೇ ಕೇಳಿದ್ರೆ ಗ್ಲೆನ್‌ಕೇರ್ನ್ ಗ್ಲಾಸ್, ಕೆಳಗೆ ಉಬ್ಬಿ ಮೇಲೆ ಕಿರಿದಾಗೋದು, ವಾಸನೆ ಒಟ್ಟಿಗೆ ಸೇರಿ ಮೂಗಿಗೆ ಬರುತ್ತೆ. ಐಸ್ ಕೇಳಿದ್ರೆ ದಪ್ಪ ತಳದ ಟಂಬ್ಲರ್, ಅದರಲ್ಲಿ ಒಂದೇ ದೊಡ್ಡ ಐಸ್, ಸಣ್ಣ ಸಣ್ಣ ಐಸ್ ತುಂಡು ಹಾಕಿದ್ರೆ ಎರಡು ಮಾತಾಡೋದ್ರೊಳಗೆ ಕರಗಿ ನೀರಾಗುತ್ತೆ. ಕೇಳದೇನೇ ಪಕ್ಕದಲ್ಲಿ ಒಂದು ಪುಟ್ಟ ಜಗ್‌ನಲ್ಲಿ ಮಾಮೂಲಿ ನೀರು, ಡ್ರಾಪರ್ ಸಮೇತ. ನೀರು ಬೆರೆಸಿದ್ರೆ ವಿಸ್ಕಿಗೆ ಅವಮಾನ ಅನ್ನೋರು ಇದಾರೆ, ಅವರ ಮಾತು ಕಟ್ಕೊಂಡು ಏನಾಗ್ಬೇಕು, ವಿಸ್ಕಿ ಮಾಡೋರೇ ರುಚಿ ನೋಡೋವಾಗ ನೀರು ಹಾಕ್ಕೊಂಡು ನೋಡ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಕಂಪ್ಯೂಟರ್ ಮಾದರಿ ಇಟ್ಕೊಂಡು ನೋಡಿದ್ರು, ಹೊಗೆ ವಾಸನೆಗೆ ಕಾರಣವಾಗೋ ಗ್ವಾಯಕಾಲ್ ಅನ್ನೋ ಅಣು ಆಲ್ಕೋಹಾಲ್ ಜಾಸ್ತಿ ಇದ್ದಾಗ ಒಳಗೇ ಹುದುಗಿರುತ್ತೆ, ನೀರು ಸೇರಿಸಿದ್ರೆ ಮೇಲ್ಮೈಗೆ ಬರುತ್ತೆ ಅಂತ. ನಾನು ಗ್ಲೆನ್‌ಫಾರ್‌ಕ್ಲಾಸ್ 105ಕ್ಕೆ ಮೊದಲು ಹಾಗೇ ಮೂಗಿಟ್ಟೆ, ಬರೀ ಘಾಟು, ಕಣ್ಣಲ್ಲಿ ನೀರು. ನೀರು ಹನಿ ಹನಿಯಾಗಿ ಹಾಕಿ ಎರಡು ನಿಮಿಷ ಬಿಟ್ಟು ಮತ್ತೆ ಮೂಗಿಟ್ಟಾಗ ಸ್ಪೇನಿನ ವೈನ್ ಆದ ಶೆರ‍್ರಿ ಪೀಪಾಯಿಯ ಒಣಹಣ್ಣು, ಕಿತ್ತಳೆ ಸಿಪ್ಪೆ, ಹುರಿದ ಬಾದಾಮಿ ಒಂದೊಂದಾಗಿ ಮೇಲೆ ಬಂತು.

ಈ ಶೆರ‍್ರಿ ಪೀಪಾಯಿ ವಿಸ್ಕಿಗೂ ಆ ಮಡೂರೊಗೂ ಎಂಥ ಜೋಡಿ ಅಂತೀರಾ. ಸಿಗಾರ್‌ನ ಮೊದಲ ಮೂರನೇ ಒಂದು ಭಾಗ ಕೋಕೋ, ಮಣ್ಣಿನ ವಾಸನೆ, ತುಸು ಕರಿಮೆಣಸು. ಆ ಹೊಗೆ ಬಿಟ್ಟು ಒಂದು ಗುಟುಕು ವಿಸ್ಕಿ ತಗೊಂಡ್ರೆ ಮೆಣಸಿನ ಖಾರ ಇಳಿದು ಸಿಹಿ ಮುಂದೆ ಬಂತು, ಮತ್ತೆ ಸಿಗಾರ್ ಎಳೆದ್ರೆ ಕೋಕೋ ಇನ್ನೂ ದಟ್ಟ. ಮಧ್ಯ ಭಾಗಕ್ಕೆ ಬರೋ ಹೊತ್ತಿಗೆ ಕಾಫಿ ಥರ ಕಹಿ ಬಂತು, ಅಲ್ಲಿ ವಿಸ್ಕಿಯ ಒಗರು ಸ್ವಲ್ಪ ಎದ್ದು ಕಾಣ್ತು, ಇನ್ನೊಂದಿಷ್ಟು ನೀರು ಹಾಕಿದ್ಮೇಲೆ ಸರಿಹೋಯ್ತು. ನಿಮಿಷಕ್ಕೊಂದು ಎಳೆತ ಸಾಕು, ಅದಕ್ಕಿಂತ ಗಡಿಬಿಡಿ ಮಾಡಿದ್ರೆ ಸಿಗಾರ್ ಕಾದು ಕಹಿಯಾಗುತ್ತೆ. ಕೊನೆಗೆ ಎರಡು ಇಂಚು ಉಳಿದಾಗ ಬಿಸಿ ಹೊಗೆ ಬರೋಕೆ ಶುರುವಾಯ್ತು, ಬೂದಿ ತಟ್ಟೇಲಿ ಹಾಗೇ ಇಟ್ಟೆ. ತಾನೇ ಆರುತ್ತೆ ಅದು, ಸಿಗರೇಟ್ ಥರ ಹೊಸಕಿದ್ರೆ ರೂಮೆಲ್ಲ ಕಮರು ವಾಸನೆ.

ಸ್ಕಾಟ್ಲೆಂಡ್‌ನ ಐಲೇ ದ್ವೀಪದ ಹೊಗೆ ವಾಸನೆಯ ಸ್ಕಾಚ್ ಸಿಗಾರ್ ಜೊತೆ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳೋ ಮಾತು. ನನಗೆ ಒಪ್ಪಿಗೆ ಇಲ್ಲ. ಆ ದ್ವೀಪದ್ದೇ ಲಗಾವುಲಿನ್ 16 ನನಗೆ ಪ್ರಾಣ, ಆದ್ರೆ ಅದರ ಹೊಗೆ ಪೀಟ್‌ದು, ಬಾರ್ಲಿ ಒಣಗಿಸೋವಾಗ ಜವುಗು ನೆಲದ ಮಣ್ಣು ಸುಟ್ಟು ಬರಿಸಿದ್ದು, ಅದರಲ್ಲಿ ಸಮುದ್ರದ ಉಪ್ಪು, ಔಷಧಿ ಅಂಗಡಿ ವಾಸನೆ ಎಲ್ಲ ಸೂಕ್ಷ್ಮವಾಗಿ ಇರುತ್ತೆ, ಬಾಯಲ್ಲಿ ಆಗಲೇ ತಂಬಾಕಿನ ಹೊಗೆ ತುಂಬಿರೋವಾಗ ಅದೆಲ್ಲ ಮುಚ್ಚಿಹೋಗಿ ಬರೀ ಬೂದಿ ರುಚಿ ಉಳಿಯುತ್ತೆ. ಅದನ್ನ ಮುಂದಿನ ರೂಮಲ್ಲಿ, ಹೊಗೆ ಇಲ್ಲದೇ, ಊಟದ ಜೊತೆ ಕುಡೀಬೇಕು. ನಾವು ಹಾಗೇ ಮಾಡಿದ್ದು.

ಊಟಕ್ಕೆ ಬರೋಣ, ಯಾಕಂದ್ರೆ ಇಂಥ ಕಡೆ ಊಟ ಅಂದ್ರೆ ಸಾಮಾನ್ಯವಾಗಿ ಫ್ರೀಜರ್‌ನಿಂದ ತೆಗೆದು ಎಣ್ಣೆಗೆ ಬಿಟ್ಟಿದ್ದು. ಇಲ್ಲಿ ನಿಜವಾದ ಅಡುಗೆಮನೆ ಇದೆ, ಮೆನು ಒಂದೇ ಪುಟ, ಮಾಡೋರಿಗೆ ಏನು ಮಾಡ್ಬೇಕು ಅಂತ ಗೊತ್ತಿದೆ. ನಾವು ಹೇಳಿದ್ದು ಸ್ಟೇಕ್, ಮಶ್ರೂಮ್ ಟೋಸ್ಟ್, ಚೀಸ್ ಪ್ಲೇಟ್. ಸ್ಟೇಕ್ ಬಂದಾಗ ಮೇಲೆ ಕಪ್ಪಗೆ ಪದರ, ಕೊಯ್ದ್ರೆ ಒಳಗೆ ಅಂಚಿಂದ ಅಂಚಿಗೆ ಒಂದೇ ಗುಲಾಬಿ ಬಣ್ಣ, ಮೇಲೆ ಬೆಣ್ಣೆ ಕರಗ್ತಾ ಇತ್ತು, ತಟ್ಟೇಲಿ ರಕ್ತದ ಥರ ರಸ ಹರಿದಿರ್ಲಿಲ್ಲ, ಅಂದ್ರೆ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದು ಆಮೇಲೆ ಕಳಿಸಿದಾರೆ. ಆ ಸುಟ್ಟ ಪದರದ ರುಚಿಗೂ ಲಗಾವುಲಿನ್‌ಗೂ ಹೇಳಿ ಮಾಡಿಸಿದ ಜೊತೆ, ಭಾವ ತಿನ್ನೋದು ಬಿಟ್ಟು "ಏನೋ ಇದು" ಅಂತ ನನ್ನ ಮುಖ ನೋಡಿದ್ರು. ಬೆಣ್ಣೆ, ಕೊಬ್ಬು ಇರೋ ಊಟ ಸ್ಟ್ರಾಂಗ್ ವಿಸ್ಕಿಗೆ ಯಾಕೆ ಒಳ್ಳೇದು ಅಂದ್ರೆ ನಾಲಿಗೆ ಮೇಲೆ ಪದರ ಕಟ್ಟಿ ಆಲ್ಕೋಹಾಲ್ ಉರಿ ತಗ್ಗಿಸುತ್ತೆ, ಹೊಟ್ಟೇಲಿ ಊಟ ಇದ್ರೆ ಆಲ್ಕೋಹಾಲ್ ರಕ್ತಕ್ಕೆ ಸೇರೋದೂ ನಿಧಾನ.

ಮಶ್ರೂಮ್ ಟೋಸ್ಟ್ ಮಾತ್ರ ಇನ್ನೊಂದ್ಸಲ ಬರ್ಬೇಕು ಅನ್ನೋಷ್ಟು ಚೆನ್ನಾಗಿತ್ತು. ಮಶ್ರೂಮನ್ನ ನೀರು ಬಿಡೋ ಹಾಗೆ ಬೇಯಿಸದೇ ಅಂಚು ಗರಿಗರಿ ಆಗೋವರೆಗೂ ಹುರಿದಿದಾರೆ, ಕೆಳಗೆ ಬ್ರೆಡ್ ಮೆತ್ತಗಾಗಿರ್ಲಿಲ್ಲ, ಕಚ್ಚಿದ್ರೆ ಸದ್ದು ಬರ್ತಿತ್ತು, ಮೇಲೆ ಒಂಚೂರು ಥೈಮ್. ಮಾಂಸ ತಿನ್ನದೇ ಇರೋರಿಗೂ ವಿಸ್ಕಿ ಜೊತೆ ಇಷ್ಟು ಗಟ್ಟಿ ರುಚಿ ಕೊಡೋ ತಿಂಡಿ ಇಟ್ಟಿದಾರಲ್ಲ ಅಂತ ಖುಷಿಯಾಯ್ತು.

ಚೀಸ್ ಪ್ಲೇಟನ್ನ ನಾವು ಸಿಗಾರ್‌ಗೆ ಮೊದಲು ಮುಗಿಸಿದ್ವಿ, ಅದು ವೇಟರ್ ಕೊಟ್ಟ ಸಲಹೆ. ಸಿಗಾರ್ ಹಚ್ಚಿದ್ಮೇಲೆ ನಾಲಿಗೆಗೆ ನಾಜೂಕು ರುಚಿ ಯಾವುದೂ ಗೊತ್ತಾಗಲ್ಲ, ಆಮೇಲೆ ಏನಾದ್ರೂ ಬೇಕು ಅಂದ್ರೆ ಕಪ್ಪು ಚಾಕಲೇಟ್, ಉಪ್ಪು ಹಾಕದ ನಟ್ಸ್ ಅಷ್ಟೇ. ಲೌಂಜ್ ಒಳಗೆ ಈ ಎರಡು ಬಿಟ್ಟು ಬೇರೆ ಊಟ ಕೊಡಲ್ಲ ಅವರು. ಕೆಲವರು ಇದಕ್ಕೆ ಜಗಳ ಆಡ್ತಾರಂತೆ. ನನ್ನ ಪ್ರಕಾರ ಆ ಬಾರ್‌ನ ಅತ್ಯುತ್ತಮ ನಿರ್ಧಾರ ಇದೇ. ಚೆನ್ನಾಗಿ ಅಡುಗೆ ಮಾಡೋರು ತಮ್ಮ ತಟ್ಟೆ ಹೊಗೆ ಒಳಗೆ ಹೋಗಿ ರುಚಿ ಕಳ್ಕೊಳ್ಳೋದು ಬೇಡ ಅಂತ ಹಠ ಹಿಡಿದಿದಾರೆ ಅಂದ್ರೆ ಅವರಿಗೆ ಊಟದ ಮೇಲೆ ಗೌರವ ಇದೆ.

ಇಷ್ಟ ಆಗದೇ ಇರೋದೂ ಇದೆ, ಬರೀತೀನಿ. ಮೀನು ಯಾಕೆ ಇಟ್ಟಿದಾರೋ ಗೊತ್ತಾಗ್ಲಿಲ್ಲ. ಪಕ್ಕದ ಟೇಬಲ್‌ಗೆ ಹೊಗೆ ತುಂಬಿಸಿದ ಗಾಜಿನ ಗುಮ್ಮಟದೊಳಗೆ ಇಟ್ಟು ತಂದ್ರು, ನಾವೂ ಸ್ವಲ್ಪ ತರಿಸಿ ನೋಡಿದ್ವಿ, ಪಾಪದ ಮೀನು, ಅದರ ಸ್ವಂತ ರುಚಿ ಎಲ್ಲೂ ಇಲ್ಲ, ಬಾಯಿ ತುಂಬಾ ಸೀದ ಕಟ್ಟಿಗೆ. ಇಷ್ಟು ಕಷ್ಟಪಟ್ಟು ಹೊಗೆ ದೂರ ಇಟ್ಟು ಆಮೇಲೆ ತಟ್ಟೆಗೇ ಹೊಗೆ ತುಂಬೋದು ಯಾಕೆ. ಎರಡನೇದು ಮ್ಯೂಸಿಕ್. ಸಾಯಂಕಾಲ ಹದವಾಗಿತ್ತು, ರಾತ್ರಿ ಆಗ್ತಾ ಆಗ್ತಾ ಲೌಂಜ್‌ನಲ್ಲಿ ಸೌಂಡ್ ಏರಿಸಿದ್ರು, ಸಿಗಾರ್ ಹಿಡ್ಕೊಂಡು ಕೂರೋದೇ ಮಾತಿಗೆ ಅಂತ, ಅಲ್ಲಿ ಕಿರುಚಾಡೋ ಹಾಗಾದ್ರೆ ಕೂತು ಏನು ಪ್ರಯೋಜನ. ಹೇಳಿದ ಕೂಡ್ಲೇ ಕಮ್ಮಿ ಮಾಡಿದ್ರು, ಸ್ವಲ್ಪ ಹೊತ್ತಿಗೆ ಮತ್ತೆ ಏರ್ತು. ಮೂರನೇದು ಲೈಟು. ಬೆಳಕು ಕಮ್ಮಿ ಇರ್ಲಿ, ಒಳ್ಳೇದೇ, ಆದ್ರೆ ಕಪ್ಪು ಕಾಗದದ ಮೇಲೆ ಕಂದು ಅಕ್ಷರದಲ್ಲಿ ಮೆನು ಪ್ರಿಂಟ್ ಮಾಡಿಸಿ ಆ ಬೆಳಕಲ್ಲಿ ಕೊಟ್ರೆ ಯಾರು ಓದ್ತಾರೆ, ಭಾವ ಫೋನ್ ಟಾರ್ಚ್ ಹಾಕ್ಕೊಂಡು ಓದಿದ್ರು. ಅಷ್ಟು ಚೆನ್ನಾಗಿ ಪರ್ಸೆಂಟ್ ಎಲ್ಲ ಬರೆದಿರೋ ಮೆನು ಕಣ್ಣಿಗೆ ಕಾಣ್ಬೇಕಲ್ವಾ.

ಅಳತೆ ವಿಷ್ಯದಲ್ಲಿ ಮೋಸ ಇಲ್ಲ. ಜಿಗ್ಗರ್‌ನಲ್ಲಿ ಅಳೆದು ನಮ್ಮ ಕಣ್ಣೆದುರೇ ಸುರೀತಾರೆ, ಹೊಸ ಬಾಟಲ್ ಆದ್ರೆ ಸೀಲ್ ತೋರಿಸಿ ತೆಗೀತಾರೆ. ಹೊರಗಿಂದ ಸ್ವಂತ ಸಿಗಾರ್ ತಂದ್ರೆ ಕಟಿಂಗ್ ಫೀ ತಗೋತಾರೆ, ಅದು ಬೋರ್ಡ್ ಮೇಲೆ ಬರೆದಿದೆ, ಬಿಲ್ ಬಂದಾಗ ಶಾಕ್ ಇಲ್ಲ. ಬೆಲೆ ಕಮ್ಮಿ ಅಂತ ಹೇಳೋಕಾಗಲ್ಲ, ಆದ್ರೆ ಯಾವುದಕ್ಕೆ ದುಡ್ಡು ಹೋಯ್ತು ಅಂತ ಕಣ್ಣಿಗೆ ಕಾಣುತ್ತೆ.

ಹಳೇ ವಯಸ್ಸಿನ ವಿಸ್ಕಿ ಹಿಂದೆ ಬೀಳ್ಬೇಡಿ ಅಂತ ಒಂದು ಕಿವಿಮಾತು. ಬಾಟಲ್ ಮೇಲೆ 12 ಅಂತ ಇದ್ರೆ ಒಳಗಿರೋದರಲ್ಲಿ ತುಂಬಾ ಎಳೇದು 12 ವರ್ಷದ್ದು ಅಂತ ಅರ್ಥ, ಸ್ಕಾಚ್ 3 ವರ್ಷ ಓಕ್‌ನಲ್ಲಿ ಇರಲೇಬೇಕು ಅನ್ನೋದಷ್ಟೇ ಕಾನೂನು, ಪೀಪಾಯಿ ಚೆನ್ನಾಗಿದ್ರೆ 12 ವರ್ಷದ್ದೇ 25 ವರ್ಷದ್ದನ್ನ ಮೀರಿಸೋದನ್ನ ನಾನು ಬಾಯಾರೆ ನೋಡಿದೀನಿ. ಸ್ಕಾಟ್ಲೆಂಡ್‌ನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತೆ, ಹಳೇದು ದುಬಾರಿ ಆಗೋದಕ್ಕೆ ಅದೂ ಒಂದು ಕಾರಣ, ರುಚಿಯೊಂದೇ ಅಲ್ಲ. ಇಲ್ಲಿನ ಕೌಂಟರ್ ಹುಡುಗಿ ನನಗೆ ದುಬಾರಿ ಬಾಟಲ್ ತೋರಿಸೋ ಬದಲು ಸಿಗಾರ್ ಯಾವುದು ತಗೋತೀರಾ ಅಂತ ಕೇಳಿ ಅದಕ್ಕೆ ಹೊಂದೋ ವಿಸ್ಕಿ ಹೇಳಿದ್ದು, ಅದು ದುಡ್ಡಲ್ಲಿ ಕಮ್ಮಿದೇ ಆಗಿತ್ತು.

ಮೊದಲ ಸಲ ಹೋಗೋರು ವಾರದ ಮಧ್ಯೆ, ಸ್ವಲ್ಪ ಬೇಗ ಹೋಗಿ, ಮುಂದೆ ಕೂತು ಹೊಟ್ಟೆ ತುಂಬಾ ಊಟ ಮಾಡಿ, ಸ್ಟೇಕ್ ಅಥವಾ ಮಶ್ರೂಮ್. ಆಮೇಲೆ ಹಿಂದಕ್ಕೆ ಹೋಗಿ ಸಣ್ಣ ಅಳತೆಯ ಕನೆಕ್ಟಿಕಟ್ ಶೇಡ್ ಯಾವುದಾದ್ರೂ ಕೊಡಿ ಅಂತ ಆ ಹಿರಿಯರನ್ನೇ ಕೇಳಿ, ಜೊತೆಗೆ ರೆಡ್‌ಬ್ರೆಸ್ಟ್ 12 ಸಾಕು, ಮೆತ್ತಗಿರುತ್ತೆ, ಹೊಗೆ ಜೊತೆ ಜಗಳ ಆಡಲ್ಲ. ಹೊಗೆ ಒಳಗೆ ಎಳ್ಕೊಳ್ಳೋಕೆ ಹೋಗ್ಬೇಡಿ. ತಲೆ ಸುತ್ತು ಬಂದ್ರೆ ಕೆಳಗಿಟ್ಟು ನೀರು ಕುಡಿದು ಏನಾದ್ರೂ ಸಿಹಿ ತಿನ್ನಿ, ಅರ್ಧಕ್ಕೇ ಬಿಟ್ರೆ ಯಾರೂ ಏನೂ ಅನ್ಕೊಳ್ಳಲ್ಲ. ಕೂರೋಕೆ ಮೂಲೆಯ ಸೋಫಾಗಿಂತ ಗೋಡೆ ಪಕ್ಕದ ಒಂಟಿ ಕುರ್ಚಿಗಳು ಒಳ್ಳೇದು, ಹೊಸ ಗಾಳಿ ಬರೋದು ಅಲ್ಲಿಂದಲೇ. ಬಂದದ್ದು ಗಾಡೀಲಾದ್ರೆ ಹೋಗೋವಾಗ ಅದನ್ನ ಅಲ್ಲೇ ಬಿಟ್ಟು ಹೋಗಿ, ರಾತ್ರಿ ನಿಲ್ಲಿಸೋಕೆ ಜಾಗ ಇದೆ, ಕೀ ಅವರೇ ಇಟ್ಕೋತಾರೆ.

ಬಾರ್‌ನವರು ಇದನ್ನ ಓದಿದ್ರೆ ಒಂದು ಕೋರಿಕೆ, 50 ಪರ್ಸೆಂಟ್ ದಾಟಿದ ವಿಸ್ಕಿಗಳಿಗೆ ಅರ್ಧ ಅಳತೆ ಕೊಡೋ ವ್ಯವಸ್ಥೆ ಮಾಡಿ, ಎರಡು ಮೂರು ಬೇರೆ ಬೇರೆ ರುಚಿ ನೋಡೋಕೆ ಆಗುತ್ತೆ, ಮತ್ತು ದಯವಿಟ್ಟು ಆ ಮೀನಿನ ಗುಮ್ಮಟ ತೆಗೆದುಬಿಡಿ, ಆ ಜಾಗದಲ್ಲಿ ಮಶ್ರೂಮ್ ಟೋಸ್ಟ್‌ನ ದೊಡ್ಡ ಪ್ಲೇಟ್ ಇಡಿ.